ಶಾಫ್ಟಿಗೆ ಆಟ ಬಂದಾಗ

'ಆಟ' ಎಂದೊಡನೆ ನಮ್ಮಂಥ ವಿದ್ಯಾರ್ಥಿಗಳಿಗೆ ಮೈದಾನ ನೆನಪಾಗುತ್ತದೆ. ಮರಗೆಲಸದ ಯಂತ್ರವನ್ನು ನಂಬಿದವರಿಗೆ ಅದೇ ಮಾತು ಚಿಂತೆ ತರುತ್ತದೆ. ಶಾಫ್ಟಿಗೆ 'ಪ್ಲೇ' ಬಂದಿದೆ ಎಂದು ಮೆಕ್ಯಾನಿಕ್ ಹೇಳಿದನೆಂದರೆ ಎರಡು ದಿನದ ಸಂಪಾದನೆ ಹೋಯಿತೆಂದೇ ಲೆಕ್ಕ. ನಮ್ಮ ಮಲ್ಲತ್ತಹಳ್ಳಿಯ ಸುತ್ತಣ ಸಣ್ಣ ಅಂಗಡಿಗಳಲ್ಲಿಯೂ, ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಬಡಾವಣೆಯ ಕಡೆಯೂ ಹಲಗೆ ನುಣುಪು ಮಾಡುವ ಹಳೆಯ ಪ್ಲೇನರ್ ಯಂತ್ರಗಳು ದುಡಿಯುತ್ತಲೇ ಇವೆ. ನಮ್ಮ ಮನೆಯ ಅನ್ನವೂ ಅಂಥದೊಂದು ಯಂತ್ರದಿಂದಲೇ ಬರುವುದಾದ್ದರಿಂದ, ಕಲಾವಿಭಾಗದವನಾದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ದೋಷ ಮೊದಲು ಕಾಣುವುದು ಮರದ ಮೇಲೆ. ಎರಡು ಬ್ಲೇಡುಗಳ ಶಾಫ್ಟು ನಿಮಿಷಕ್ಕೆ 4000 ಸುತ್ತು ತಿರುಗಿದರೆ 8000 ಕಡಿತಗಳಾಗುತ್ತವೆ. ಹಲಗೆ ನಿಮಿಷಕ್ಕೆ 8 ಮೀಟರು ಸಾಗುವುದಾದರೆ ಅಲೆಯಿಂದ ಅಲೆಗೆ 1 ಮಿಲಿಮೀಟರು. ಕಣ್ಣಿಗೆ ನುಣುಪಾಗಿಯೇ ತೋರುತ್ತದೆ. ಒಂದೇ ಬ್ಲೇಡು ಆಳವಾಗಿ ಕಡಿಯತೊಡಗಿದರೆ ಅಂತರ 2 ಮಿಲಿಮೀಟರಿಗೆ ಏರಿ ಅಲೆಗಳು ಬೆರಳಿಗೇ ಸಿಕ್ಕುತ್ತವೆ. ಬ್ಲೇಡುಗಳನ್ನು ಸಮನಾಗಿ ಕೂರಿಸದಿದ್ದರೂ ಇದೇ ಗುರುತು ಬೀಳುತ್ತದೆ. ಆದ್ದರಿಂದ ಮೊದಲು ಬ್ಲೇಡು ನೋಡಿ, ಆಮೇಲೆ ಶಾಫ್ಟನ್ನು ಸಂಶಯಿಸಬೇಕು.

ಪರೀಕ್ಷೆಗೆ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳುವುದು ಲೇಸು. ಈ ಕಸುಬಿನಲ್ಲಿ ಹತ್ತು ಬೆರಳೂ ಉಳಿದವರು ಪುಣ್ಯವಂತರು. ಬಳಿಕ ಬೆಲ್ಟನ್ನು ಕಳಚಬೇಕು. ಬೆಲ್ಟಿನ ಬಿಗಿ ಶಾಫ್ಟನ್ನು ಒಂದೇ ಕಡೆಗೆ ಎಳೆದು ಹಿಡಿದಿರುವುದರಿಂದ, ಅದು ಇರುವ ತನಕ ಆಟ ಅಡಗಿ ಕೂತಿರುತ್ತದೆ.

ಈಗ ಬ್ಲೇಡುಗಳಿಂದ ದೂರದಲ್ಲಿ, ಬೇರಿಂಗಿನ ಪಕ್ಕದಲ್ಲಿ, ಶಾಫ್ಟಿನ ಕೆಳಗೆ ಮರದ ರೀಪನ್ನು ಕೊಟ್ಟು ಮೆಲ್ಲಗೆ ಮೇಲಕ್ಕೆ ಮೀಟಿರಿ. 'ಟಕ್' ಎಂದರೆ ಅದು ಮೇಲು ಕೆಳಗಿನ ಆಟ. ಬಾಲ್ ಬೇರಿಂಗಿನೊಳಗೆ ಇರಬೇಕಾದ ಸಡಿಲ ತೀರ ಕಡಿಮೆ. 25 ಮಿಲಿಮೀಟರ್ ಒಳವ್ಯಾಸದ ಸಾಮಾನ್ಯ ಬೇರಿಂಗಿನಲ್ಲಿ ಅದು 5ರಿಂದ 20 ಮೈಕ್ರಾನ್, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಪಾಲಿಗೂ ಮೀರದು. ಆದರೆ ಬಹಳ ಹಳೆಯ ಯಂತ್ರಗಳಲ್ಲಿ ಬಾಲ್ ಬೇರಿಂಗಿನ ಬದಲು ಬ್ಯಾಬಿಟ್ ಎಂಬ ಮೆದು ಲೋಹದ ಅಚ್ಚಿರುತ್ತದೆ. ಅಲ್ಲಿ ಶಾಫ್ಟಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಡಿಲ, ಎಣ್ಣೆಯ ಪದರಕ್ಕಾಗಿ ಬೇಕೇ ಬೇಕು. ಅದನ್ನು ರೋಗವೆಂದು ತಿಳಿದು ಬಿಗಿದರೆ ಲೋಹ ಕಾದು ಕರಗೀತು.

ಉದ್ದಕ್ಕೆ ತಳ್ಳಿ ಎಳೆದಾಗ ಕಾಣುವ ಆಟ ಬೇರೆ ಬಗೆಯದು. ಶಾಫ್ಟಿನ ಒಂದು ತುದಿಯ ಬೇರಿಂಗನ್ನು ಬಿಗಿಯಾಗಿ ಹಿಡಿದು ಇನ್ನೊಂದಕ್ಕೆ ಸರಿಯಲು ಎಡೆ ಕೊಟ್ಟಿರುತ್ತಾರೆ. ಏಕೆಂದರೆ ಅರ್ಧ ಮೀಟರಿನ ಉಕ್ಕಿನ ಶಾಫ್ಟು 40 ಡಿಗ್ರಿ ಕಾದರೆ ಸುಮಾರು ಕಾಲು ಮಿಲಿಮೀಟರು ಬೆಳೆಯುತ್ತದೆ. ಬಿಗಿಯಾಗಿರಬೇಕಾದ ತುದಿಯೇ ಸರಿದಾಡಿದರೆ ಮಾತ್ರ ದೋಷ. ಇನ್ನು ಪುಲ್ಲಿಯನ್ನು ಹಿಂದೆ ಮುಂದೆ ತಿರುವಿದಾಗ ಶಾಫ್ಟು ತಡವಾಗಿ ಹಿಂಬಾಲಿಸಿದರೆ ಕೀಲಿಯ ಗಾಡಿ ಸವೆದಿದೆ ಎಂದರ್ಥ. ಬೇರಿಂಗಿನ ತಪ್ಪೇನೂ ಇಲ್ಲ.

ಶಾಫ್ಟು ಬಾಗಿದ್ದರೂ ಜನ ಅದನ್ನು ಆಟವೆಂದೇ ಕರೆಯುವರು. ಡಯಲ್ ಗೇಜ್ ಇದ್ದರೆ ಭೇದ ಸುಲಭ. ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಮುಳ್ಳು ಸುತ್ತಿಗೊಮ್ಮೆ ಏರಿ ಇಳಿದರೆ ಬಾಗು, ತಿರುಗಿಸದೆ ಮೀಟಿದಾಗ ಜಿಗಿದರೆ ಆಟ.

ಎಲ್ಲಕ್ಕಿಂತ ಕಣ್ತಪ್ಪಿಸುವ ರೋಗ ಇನ್ನೊಂದಿದೆ. ಬೇರಿಂಗು ಹೊಸದು, ಆಟ ಮಾತ್ರ ಮತ್ತೆ ಬಂದಿದೆ. ಇಲ್ಲಿ ಸವೆದಿರುವುದು ಬೇರಿಂಗು ಕೂರುವ ಶಾಫ್ಟಿನ ಜಾಗ. ಕವಚ ತೆಗೆದು, ಶಾಫ್ಟಿನ ಮೇಲೂ ಬೇರಿಂಗಿನ ಒಳಬಳೆಯ ಮೇಲೂ ಹಾಯುವಂತೆ ಒಂದು ಗೆರೆ ಎಳೆದು, ಕವಚ ಮುಚ್ಚಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಗೆರೆ ತುಂಡಾಗಿ ಬೇರೆ ಬೇರೆಯಾಗಿದ್ದರೆ ಬಳೆಯೊಳಗೆ ಶಾಫ್ಟು ಜಾರುತ್ತಿದೆ. ಕೆಲವರು ಶಾಫ್ಟಿಗೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡಿಕೊಡುತ್ತಾರೆ. ಇದನ್ನು ರಿಪೇರಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಚುಕ್ಕೆಯ ತುದಿಗಳು ಬೇಗ ಸವೆದು ಹಣ ಮತ್ತೆ ವ್ಯರ್ಥ. ಶಾಫ್ಟಿಗೆ ಲೋಹ ತುಂಬಿಸಿ ಲೇತಿನಲ್ಲಿ ಅಳತೆಗೆ ಕಡೆಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಮತ್ತೆ ಜೋಡಿಸುವಾಗ ಬೆಲ್ಟನ್ನು ಜಾರದಷ್ಟು ಮಾತ್ರ ಬಿಗಿದರೆ ಸಾಕು.