ರಣಹದ್ದು ಮತ್ತು ನಾಗರಹಾವು: ಗೆಲುವು ಯಾರದು?

ಎಂಟನೆಯ ತರಗತಿಯಲ್ಲಿ ಆಹಾರ ಸರಪಳಿಯ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಗುರುಗಳೇ, ರಣಹದ್ದಿಗೂ ನಾಗರಹಾವಿಗೂ ಕಾಳಗವಾದರೆ ಗೆಲ್ಲುವವರು ಯಾರು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಪ್ರಶ್ನೆಯು ಮೇಲುನೋಟಕ್ಕೆ ಬಾಲಿಶವೆಂದು ತೋರಬಹುದು. ಆದರೆ ಅದಕ್ಕೆ ಸರಿಯಾದ ಉತ್ತರವನ್ನು ಕೊಡಹೊರಟರೆ, ಹಿರಿಯರಾದ ನಾವೂ ತಿಳಿದುಕೊಳ್ಳಬೇಕಾದ ಸಂಗತಿಗಳು ಅನೇಕವಿವೆ.

ಗರುಡನು ಸರ್ಪಗಳ ವೈರಿಯೆಂಬ ಪುರಾಣಕಥೆ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದೆ. ರಾವಣನನ್ನು ತಡೆದ ಜಟಾಯುವಿನ ಕಥೆಯನ್ನು ಕೇಳಿ ಬೆಳೆದವರಿಗೆ ಹದ್ದೆಂದರೆ ಯೋಧನೆಂಬ ಭಾವನೆಯೂ ಸಹಜ. ವಾಸ್ತವದಲ್ಲಿ ಹಾವನ್ನು ಬೇಟೆಯಾಡುವ ಪಕ್ಷಿಗಳೇ ಬೇರೆ. ಪನ್ನಗಾರಿ, ಹಾವುಗಿಡುಗ ಮೊದಲಾದವುಗಳ ಕಾಲುಗಳಿಗೆ ಗಡುಸಾದ ಪೊರೆಯ ಹೊದಿಕೆಯುಂಟು. ಬೆರಳುಗಳು ಗಿಡ್ಡವಾಗಿಯೂ ಬಲವಾಗಿಯೂ ಇದ್ದು, ನುಣುಚುವ ಹಾವನ್ನು ಬಿಗಿಯಾಗಿ ಹಿಡಿಯಬಲ್ಲವು. ರಣಹದ್ದಿಗೆ ಇಂತಹ ಸಿದ್ಧತೆ ಯಾವುದೂ ಇಲ್ಲ.

ನಮ್ಮ ನಾಡಿನ ಉದ್ದಕೊಕ್ಕಿನ ರಣಹದ್ದನ್ನೇ ತೆಗೆದುಕೊಳ್ಳೋಣ. ಅದರ ತೂಕ ಸುಮಾರು 6 ಕಿಲೋಗ್ರಾಂ. ರೆಕ್ಕೆ ಬಿಚ್ಚಿದರೆ ಅಗಲ 2 ಮೀಟರಿಗೂ ಮಿಕ್ಕುವುದುಂಟು. ಇಷ್ಟು ದೊಡ್ಡ ದೇಹವಿದ್ದರೂ ಅದರ ಕಾಲುಗಳಿಗೆ ಹಿಡಿತವಿಲ್ಲ, ಉಗುರುಗಳು ಮೊಂಡು. ಬಾಗಿದ ಕೊಕ್ಕು ಸತ್ತ ದನದ ತೊಗಲನ್ನು ಸೀಳಲು ಯೋಗ್ಯವಾದದ್ದು. ಕಳೇಬರದೊಳಗೆ ತಲೆ ತೂರಿಸಿ ತಿನ್ನುವ ಕಾರಣ ತಲೆ ಮತ್ತು ಕತ್ತಿನ ಮೇಲೆ ಗರಿಗಳು ವಿರಳ. ಊಟಕ್ಕೆ ಅನುಕೂಲವಾದ ಈ ಬೋಳು ಕತ್ತೇ ಹಾವಿನೆದುರು ಅದರ ದುರ್ಬಲ ಸ್ಥಾನವಾಗುವುದು.

ಇನ್ನು ನಾಗರಹಾವು. ಅದರ ಉದ್ದ ಸಾಮಾನ್ಯವಾಗಿ 1ರಿಂದ 1.5 ಮೀಟರು. ವಿಷದ ಹಲ್ಲುಗಳು ಗಿಡ್ಡವಾದುದರಿಂದ ದಟ್ಟವಾದ ಗರಿಗಳನ್ನು ದಾಟಿ ಚರ್ಮವನ್ನು ಮುಟ್ಟುವುದು ಸುಲಭವಲ್ಲ. ಮುಟ್ಟಿದ್ದೇ ಆದರೆ, ಅದರ ವಿಷವು ನರವೂ ಸ್ನಾಯುವೂ ಕೂಡುವ ಸ್ಥಳದಲ್ಲಿ ಸಂದೇಶವನ್ನು ತಡೆದು, ಕ್ರಮೇಣ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಆದರೆ ಹೆಡೆ ಎತ್ತುವುದು ಯುದ್ಧಘೋಷವಲ್ಲ. "ದೂರ ಸರಿ" ಎಂಬ ಎಚ್ಚರಿಕೆ ಅದು. ದಾರಿ ಸಿಕ್ಕಿದರೆ ಹಾವು ಬಿಲ ಸೇರುವುದೇ ಹೆಚ್ಚು.

ಆದುದರಿಂದ ಇವೆರಡೂ ಎದುರುಬದುರಾದರೆ ಹಾವು ಬುಸುಗುಟ್ಟೀತು, ಹದ್ದು ಹಿಂದೆ ಸರಿದೀತು, ಕಾಳಗವಂತೂ ನಡೆಯದು. ಇಂತಹ ಭೇಟಿಯೂ ಅಪರೂಪ. ರಣಹದ್ದು ಬಿಸಿಲೇರಿದ ಮೇಲೆ ಮೇಲೇಳುವ ಬಿಸಿಗಾಳಿಯನ್ನು ಅವಲಂಬಿಸಿ ಮುಗಿಲಲ್ಲಿ ತೇಲುತ್ತ, ದೃಷ್ಟಿಬಲದಿಂದ ಕಳೇಬರವನ್ನು ಹುಡುಕುತ್ತದೆ. ನಾಗರಹಾವು ಹೆಚ್ಚಾಗಿ ಮುಸ್ಸಂಜೆಯಲ್ಲಿಯೂ ಇರುಳಿನಲ್ಲಿಯೂ ಇಲಿ ಕಪ್ಪೆಗಳನ್ನು ಅರಸುತ್ತ ಹೊಲಗಳಲ್ಲಿ ಸಂಚರಿಸುತ್ತದೆ. ಒಂದು ಸತ್ತ ದನಗಳಿಂದ ಊರನ್ನು ಶುಚಿಯಾಗಿಡುತ್ತದೆ, ಇನ್ನೊಂದು ಇಲಿಗಳಿಂದ ರೈತನ ಕಾಳನ್ನು ಕಾಯುತ್ತದೆ.

ಒಂದು ವೇಳೆ ಸತ್ತ ನಾಗರಹಾವೇ ರಣಹದ್ದಿಗೆ ಆಹಾರವಾದರೆ? ಹಾವಿನ ವಿಷದ ಮುಖ್ಯಾಂಶಗಳು ಪ್ರೋಟೀನುಗಳು. ರಕ್ತವನ್ನು ಸೇರಿದರೆ ಮಾತ್ರ ಅವು ಮಾರಕ. ಜಠರವನ್ನು ಸೇರಿದರೆ ಇತರ ಪ್ರೋಟೀನುಗಳಂತೆಯೇ ಒಡೆದುಹೋಗುತ್ತವೆ. ರಣಹದ್ದಿನ ಜಠರದ ಆಮ್ಲವಂತೂ ಬಹು ತೀಕ್ಷ್ಣ. ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳನ್ನು ಅದು ನಾಶಮಾಡುತ್ತದೆ.

ಇಂತಹ ಜಠರವುಳ್ಳ ಪಕ್ಷಿಯನ್ನು ನೆಲಕ್ಕುರುಳಿಸಿದ್ದು ನಾವು ದನಗಳಿಗೆ ಕೊಟ್ಟ ಒಂದು ನೋವುನಿವಾರಕ ಔಷಧ. ಅದರ ಹೆಸರು ಡೈಕ್ಲೋಫೆನಾಕ್. ಔಷಧ ಪಡೆದ ಸ್ವಲ್ಪ ಕಾಲದಲ್ಲಿಯೇ ದನ ಸತ್ತರೆ ಅದರ ಮಾಂಸದಲ್ಲಿ ಔಷಧದ ಅಂಶ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳಗಿನ ಅಂಗಗಳ ಮೇಲೆ ಸುಣ್ಣದಂತೆ ಕಟ್ಟಿಕೊಂಡು, ಕೆಲವೇ ದಿನಗಳಲ್ಲಿ ಪಕ್ಷಿ ಸಾಯುತ್ತದೆ. ಈ ಕಾರಣವು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಅಷ್ಟರಲ್ಲಿ ಅಪಾರ ಹಾನಿಯಾಗಿತ್ತು. 1992ರಿಂದ 2007ರ ಅವಧಿಯಲ್ಲಿ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. ಉದ್ದಕೊಕ್ಕಿನವುಗಳದು ಸುಮಾರು ಶೇಕಡಾ 97ರಷ್ಟು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ದೀರ್ಘಕಾಲದ ಮಾತು.

ಪಶುಚಿಕಿತ್ಸೆಯಲ್ಲಿ ಈ ಔಷಧದ ಬಳಕೆಯನ್ನು ಭಾರತ ಸರ್ಕಾರವು 2006ರಲ್ಲಿ ನಿಷೇಧಿಸಿತು. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಮ್ ಬದಲಿಗೆ ದೊರೆಯುತ್ತದೆ. ರಾಮನಗರದ ಬಳಿಯ ರಾಮದೇವರ ಬೆಟ್ಟದ ಬಂಡೆಗಳು ಉದ್ದಕೊಕ್ಕಿನ ರಣಹದ್ದಿನ ನೆಲೆಯಾದುದರಿಂದ, 2012ರಲ್ಲಿ ಕರ್ನಾಟಕ ಸರ್ಕಾರವು ಆ ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು.

ಹಾವಿನ ವಿಷಯದಲ್ಲಿಯೂ ನಮ್ಮ ಅಜ್ಞಾನದ ಬೆಲೆ ಕಡಿಮೆಯದಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜು. ಇವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯವಾಗಿದೆ. ಕಡಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಯಿಂದ ಹೀರುವುದು ಇವೆಲ್ಲ ಅಪಾಯಕರ. ಕಡಿತಕ್ಕೊಳಗಾದ ಅಂಗವನ್ನು ಅಲುಗಿಸದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ವಿಷನಿರೋಧಕ ಚುಚ್ಚುಮದ್ದು ಕೊಡಿಸಿದರೆ ಜೀವ ಉಳಿಯುವ ಸಂಭವ ಹೆಚ್ಚು.

ಮರುದಿನ ತರಗತಿಯಲ್ಲಿ ಇಷ್ಟನ್ನೂ ವಿವರಿಸಿದ ಮೇಲೆ ಆ ಬಾಲಕನು ಕ್ಷಣಕಾಲ ಸುಮ್ಮನಿದ್ದು, "ಹಾಗಾದರೆ ನಮ್ಮ ಎತ್ತಿಗೆ ಯಾವ ಇಂಜೆಕ್ಷನ್ ಕೊಡುತ್ತಾರೆಂದು ಅಪ್ಪನನ್ನು ಕೇಳುತ್ತೇನೆ" ಎಂದನು. ಈ ಸಲ ತರಗತಿ ನಗಲಿಲ್ಲ. ನಮ್ಮ ಶಾಲೆಯಿಂದ ಹೊರಟು ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೂ ತಮ್ಮ ಕೊಟ್ಟಿಗೆಗಳಲ್ಲಿ, ಪಶುವೈದ್ಯರೆದುರು ಈ ಪ್ರಶ್ನೆಯನ್ನು ಕೇಳುವಂತಾದರೆ, ಆ ಬಾಲಕನ ಪ್ರಶ್ನೆಗೆ ತಕ್ಕ ಉತ್ತರ ದೊರೆತಂತಾಗುವುದು.