ಟೆಲ್ಯುರೈಡ್: ಗಣಿ ಮುಚ್ಚಿದ ಮೇಲೆ ಉಳಿದ ಊರು

ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಹರಿದುಬಂದ ಸಂಗತಿಯನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಅದಕ್ಕೆ ಹನ್ನೊಂದು ವರ್ಷ ಮೊದಲು, 1891ರಲ್ಲಿ, ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿಯೂ ಇಂಥದೇ ಸಾಹಸವೊಂದು ನಡೆದಿದ್ದಿತು. ಟೆಲ್ಯುರೈಡ್ ಊರಿನ ಸಮೀಪದ ಗೋಲ್ಡ್ ಕಿಂಗ್ ಗಣಿಯು ಮರಗಳೇ ಬೆಳೆಯದಷ್ಟು ಎತ್ತರದಲ್ಲಿದ್ದುದರಿಂದ ಉಗಿಯಂತ್ರಕ್ಕೆ ಸೌದೆಯನ್ನು ಒದಗಿಸುವುದು ಬಹಳ ದುಬಾರಿಯಾಗಿತ್ತು. ಆಗ ಎಲ್. ಎಲ್. ನನ್ ಎಂಬುವರು ಕೆಳಗಿನ ಏಮ್ಸ್ ಎಂಬಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿ, ಎರಡೂವರೆ ಮೈಲಿಗೂ ಮಿಕ್ಕ ದೂರಕ್ಕೆ ತಂತಿಯ ಮೂಲಕ ಸಾಗಿಸಿದರು.

ಟೆಲ್ಯುರೈಡ್ ಸಮುದ್ರಮಟ್ಟದಿಂದ 8,750 ಅಡಿ ಎತ್ತರದ ಕಣಿವೆಯಲ್ಲಿದೆ. ಮೂರು ದಿಕ್ಕುಗಳಲ್ಲಿ ಪರ್ವತಗಳು ಕೋಟೆಯಂತೆ ನಿಂತಿವೆ, ಪಶ್ಚಿಮವೊಂದೇ ಹೆಬ್ಬಾಗಿಲು. ಪೂರ್ವದ ಕೊನೆಯಲ್ಲಿ 365 ಅಡಿ ಎತ್ತರದಿಂದ ಬ್ರೈಡಲ್ ವೇಲ್ ಜಲಪಾತವು ಧುಮುಕುತ್ತದೆ. ಅದರ ದಾರಿಯಲ್ಲಿಯೇ ಹಳೆಯ ಅದಿರು ಕಾರ್ಖಾನೆಯ ಅವಶೇಷಗಳು ಕಾಣುವುವು.

ಗಣಿಯ ಚರಿತ್ರೆಯೆಲ್ಲವೂ ವೈಭವದ್ದಲ್ಲ. 1904ರಲ್ಲಿ ಮುಷ್ಕರ ಹೂಡಿದ್ದ ಕೆಲಸಗಾರರನ್ನು ಹಿಡಿದು ರೈಲಿಗೆ ಹತ್ತಿಸಿ ಊರಿನಿಂದ ಹೊರಗಟ್ಟಿದರು. ಕಡೆಗೆ ಐಡರಾಡೊ ಗಣಿಯೂ 1978ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಗಣಿಗಳಿಗೆ 2001ರಲ್ಲಿ ಬಂದ ಗತಿಯೇ ಅದು. ಆದರೆ ಟೆಲ್ಯುರೈಡಿನಲ್ಲಿ ಅಷ್ಟುಹೊತ್ತಿಗೆ ಹಿಮಜಾರಾಟದ ಮೈದಾನವು ಸಿದ್ಧವಾಗಿದ್ದಿತು. ಅದು ತೆರೆದುದು 1972ರಲ್ಲಿ. ಒಡಲಿನಲ್ಲಿ ಅದಿರನ್ನು ಹೊತ್ತಿದ್ದ ಬೆಟ್ಟವೇ ಈಗ ತನ್ನ ಮೈಮೇಲಿನ ಹಿಮದಿಂದ ಊರನ್ನು ಸಲಹತೊಡಗಿತು. ಬೇಸಗೆಯಲ್ಲಿ ಬರುವವರು ಕಾಲುದಾರಿಗಳಲ್ಲಿ ಚಾರಣ ಮಾಡುವರು. 1996ರಲ್ಲಿ ಆರಂಭವಾದ ತಂತಿತೊಟ್ಟಿಲು ಬೆಟ್ಟದ ಏಣನ್ನು ದಾಟಿಸಿ ಆಚೆಯ ಮೌಂಟನ್ ವಿಲೇಜಿಗೆ ಕೊಂಡೊಯ್ಯುವುದು.

ಚೆಲುವಿಗೂ ಬೆಲೆಯುಂಟು. ಕಣಿವೆಯ ಬಾಗಿಲಿನಲ್ಲಿದ್ದ ಸುಮಾರು 570 ಎಕರೆ ಹುಲ್ಲುಗಾವಲಿನಲ್ಲಿ ಕಟ್ಟಡಗಳು ಏಳದಿರಲೆಂದು ಊರಿನವರು 2007ರಲ್ಲಿ ಐದು ಕೋಟಿ ಡಾಲರುಗಳನ್ನು ಕೂಡಿಸಿದರು. ಇದು ಸಾಮಾನ್ಯವಾದ ತ್ಯಾಗವಲ್ಲ. ಆದರೆ ಅದೇ ಚೆಲುವಿನಿಂದ ನೆಲದ ಬೆಲೆಯು ಏರಿ, ಹೋಟೆಲುಗಳಲ್ಲಿ ದುಡಿಯುವ ಅನೇಕರು ದೂರದ ಊರುಗಳಲ್ಲಿ ವಾಸಮಾಡಬೇಕಾಗಿದೆ. ಅಂದು ದುಡಿಯುವವರನ್ನು ಬಂದೂಕು ಹೊರಗಟ್ಟಿತು. ಇಂದು ಬಾಡಿಗೆಯು ಹೊರಗಿರಿಸಿದೆ.

ಆದುದರಿಂದ ಇಂತಹ ಊರಿಗೆ ಹೋಗುವವರು ಜಲಪಾತವನ್ನೂ ಹಿಮವನ್ನೂ ಕಂಡು ಹಿಂದಿರುಗಿದರೆ ಸಾಲದು. ಗಣಿಯನ್ನು ಅಗೆದವರು ಯಾರು, ಹಾಸಿಗೆಯನ್ನು ಹಾಸುವವರು ಎಲ್ಲಿಂದ ಬರುವರು ಎಂಬುದನ್ನೂ ವಿಚಾರಿಸಬೇಕು. ಮುಚ್ಚಿದ ಗಣಿಗಳ ಬಳಿ ಹೊಸ ಬಾಳನ್ನು ಕಟ್ಟಲೆಳಸುವ ನಮ್ಮವರಿಗೂ ಆ ವಿಚಾರವು ಉಪಯುಕ್ತವಾಗದಿರದು.