ಬದುವಿನ ಸೊಪ್ಪು ಒರಳಿಗೆ ಬರುವ ಮುನ್ನ

ಕಳೆದ ಶ್ರಾವಣದಲ್ಲಿ ಶ್ರೀಮಠದ ದರ್ಶನಕ್ಕೆ ಬಂದ ತಾಯಿಯೊಬ್ಬರು, ಮೊಮ್ಮಗಳು ಬೆಂಗಳೂರಿನಿಂದ ತಂದಿದ್ದ ‘ಪೆಸ್ಟೊ’ ಎಂಬ ಹಸಿರು ಚಟ್ನಿಯ ಶೀಶೆಯನ್ನು ನಮಗೆ ತೋರಿಸಿ, ಇದು ಆರೋಗ್ಯಕ್ಕೆ ಹಿತವೇ ಎಂದು ಕೇಳಿದರು. ಪೆಸ್ಟೊ ಇಟಲಿಯ ಜಿನೋವಾ ಸೀಮೆಯದು. ಕಾಮಕಸ್ತೂರಿಯ ಜಾತಿಯ ಎಲೆ, ಪೈನ್ ಮರದ ಬೀಜ, ಬೆಳ್ಳುಳ್ಳಿ, ಗಿಣ್ಣು ಹಾಗೂ ಆಲಿವ್ ಎಣ್ಣೆಗಳನ್ನು ಕಲ್ಲಿನ ಒರಳಿನಲ್ಲಿ ಕುಟ್ಟಿ ಮಾಡುತ್ತಾರೆ. ಕುಟ್ಟುವುದೆಂಬ ಅರ್ಥದ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಹಿತವೇ ಸರಿ, ಆದರೆ ಅದಕ್ಕೆ ಸಮನಾದುದು ನಮ್ಮ ಹೊಲದ ಬದುವಿನಲ್ಲೇ ಇದೆ ಎಂದು ನಾವು ಅವರಿಗೆ ತಿಳಿಸಿದೆವು.

ಮುಂಗಾರು ಬಿದ್ದ ಕೆಲವೇ ದಿನಗಳಲ್ಲಿ ಗೋಣಿಸೊಪ್ಪು, ಹೊನಗೊನ್ನೆ, ಹಕ್ಕರಿಕೆ, ಕಾಲುವೆಯ ಅಂಚಿನಲ್ಲಿ ಒಂದೆಲಗ ತಾವಾಗಿ ಚಿಗುರುತ್ತವೆ. ನಮ್ಮ ಹಿರಿಯರು ಇವನ್ನು ಕಳೆಯೆಂದು ಎಸೆಯಲಿಲ್ಲ. ಉಡಿ ತುಂಬಿ ಮನೆಗೆ ತಂದರು. ಚರಕಸಂಹಿತೆಯ ಅನ್ನಪಾನವಿಧಿ ಅಧ್ಯಾಯವು ಸೊಪ್ಪು ಸಾಮಾನ್ಯವಾಗಿ ಗುರು ಮತ್ತು ರೂಕ್ಷ ಗುಣವುಳ್ಳದ್ದೆಂದೂ, ಬೇಯಿಸಿ, ರಸ ಹಿಂಡಿ, ಸ್ನೇಹದ್ರವ್ಯ ಬೆರೆಸಿ ಸೇವಿಸುವುದು ಶ್ರೇಷ್ಠವೆಂದೂ ಹೇಳುತ್ತದೆ. ಇದರ ಮರ್ಮವನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಬೇಯಿಸಿದ ನೀರನ್ನು ಚೆಲ್ಲಿದರೆ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಅಂಶ ತಗ್ಗುತ್ತದೆ. ಎಣ್ಣೆಯೊಡನೆ ತಿಂದರೆ ಕಣ್ಣಿಗೆ ಬೇಕಾದ ‘ಎ’ ಜೀವಸತ್ವದ ಮೂಲದ್ರವ್ಯವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ.

ಮಾಡುವ ವಿಧಾನ ಸರಳ. ಗೋಣಿಸೊಪ್ಪು 2 ಹಿಡಿ, ಹೊನಗೊನ್ನೆಯ ಕುಡಿ 1 ಹಿಡಿ, ಒಂದೆಲಗ ಅರ್ಧ ಹಿಡಿ ತೆಗೆದುಕೊಂಡು 3 ಬಾರಿ ತೊಳೆಯಬೇಕು. ಕುದಿಯುವ ನೀರಿನಲ್ಲಿ 2–3 ನಿಮಿಷ ಬೇಯಿಸಿ, ಹಿಂಡಿ, ನೀರನ್ನು ಚೆಲ್ಲಬೇಕು. ಹುರಿದ ಶೇಂಗಾ 3 ಚಮಚ, ಹುರಿದ ಎಳ್ಳು 1 ಚಮಚ, ಹಸಿಮೆಣಸಿನಕಾಯಿ 2, ಜೀರಿಗೆ ಅರ್ಧ ಚಮಚ, ರುಚಿಗೆ ಉಪ್ಪು ಸೇರಿಸಿ ಒರಳಿನಲ್ಲಿ ತರಿತರಿಯಾಗಿ ಕುಟ್ಟಬೇಕು. ಬೆಳ್ಳುಳ್ಳಿ ಬಳಸುವವರು 3 ಎಸಳು ಹಾಕಬಹುದು. ಬಳಸದವರಿಗೆ ಶುಂಠಿ ಸಾಕು. ಕೊನೆಗೆ 2 ಚಮಚ ಕುಸುಬೆ ಎಣ್ಣೆ ಹಾಗೂ ಅರ್ಧ ನಿಂಬೆಯ ರಸ ಬೆರೆಸಬೇಕು. ನಿಂಬೆಯ ಹುಳಿ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಬಿಸಿ ಜೋಳದ ರೊಟ್ಟಿಗೆ ಇದು ತಕ್ಕ ಜೊತೆ. ಅಂದು ಮಾಡಿದ್ದನ್ನು ಅಂದೇ ಮುಗಿಸುವುದು ಲೇಸು.

ಇಷ್ಟನ್ನೇ ಹೇಳಿ ಲೇಖನಿ ಕೆಳಗಿಡಲು ನಮಗೆ ಮನಸ್ಸಾಗದು. ಎರಡು ವರ್ಷಗಳ ಹಿಂದೆ, ಅರವತ್ತೈದು ದಾಟಿದ ರೈತತಾಯಿಯೊಬ್ಬರನ್ನು ವಾಂತಿ, ಹೊಟ್ಟೆನೋವಿನಿಂದ ಬಳಲುತ್ತಿರುವಾಗ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ನಲವತ್ತು ವರ್ಷಗಳಿಂದ ಕಿತ್ತು ತಂದ ಬದುವಿನಿಂದಲೇ ಅವರು ಸೊಪ್ಪು ತಂದಿದ್ದರು. ಹಿಂದಿನ ದಿನ ಮಗ ಅಲ್ಲಿ ಕಳೆನಾಶಕ ಸಿಂಪಡಿಸಿದ್ದನು, ಮನೆಯಲ್ಲಿ ತಿಳಿಸಿರಲಿಲ್ಲ. ಅದು ಕಷಾಯ ಕೊಡುವ ಹೊತ್ತಲ್ಲವೆಂದು ಅರಿತು, ಔಷಧದ ಡಬ್ಬಿಯ ಸಮೇತ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ದೇವರ ದಯೆ, ಗುಣಮುಖರಾದರು. ಮರಳಿ ಬಂದಾಗ ಆ ತಾಯಿ, “ಸೊಪ್ಪು ನನಗ ಗೊತ್ತಿತ್ರೀ, ಎಣ್ಣಿ ಹೊಡದದ್ದು ಗೊತ್ತಿರಲಿಲ್ಲ” ಎಂದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಕೆಲವು ಕಳೆನಾಶಕಗಳು ಎಲೆಯ ಒಳಗೇ ಸೇರುತ್ತವೆ. ಎಷ್ಟು ತೊಳೆದರೂ ಹೋಗವು. ಸಿಂಪಡಿಸಿದ ಮರುದಿನ ಗಿಡ ಹಸಿರಾಗಿಯೇ ಕಾಣಬಹುದು. ಆದುದರಿಂದ ಸಿಂಪಡಿಸಿದವರು ಮನೆಯವರಿಗೂ ನೆರೆಹೊಲದವರಿಗೂ ತಪ್ಪದೆ ತಿಳಿಸಬೇಕು. ಕೀಳುವವರು ಕೇಳಿಯೇ ಕೀಳಬೇಕು. ರಸ್ತೆಯ ಬದಿ ಹಾಗೂ ಚರಂಡಿಯ ಅಂಚಿನ ಸೊಪ್ಪು ಬೇಡ. ಗುರುತು ಖಚಿತವಿಲ್ಲದ್ದನ್ನು ಮುಟ್ಟಬಾರದು: ಗೋಣಿಸೊಪ್ಪಿನಂತೆಯೇ ನೆಲಕ್ಕೆ ಹರಡುವ ಇನ್ನೊಂದು ಗಿಡದ ಕಾಂಡ ಮುರಿದರೆ ಬಿಳಿಯ ಹಾಲು ಒಸರುತ್ತದೆ, ಗೋಣಿಸೊಪ್ಪಿನಲ್ಲಿ ಹಾಲಿಲ್ಲ. ಮೂತ್ರಪಿಂಡದ ಕಲ್ಲು ಇರುವವರು, ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಸಂಶಯವಿದ್ದವರಿಗೆ ಹಿತ್ತಲೇ ಉತ್ತಮ. ಹೊನಗೊನ್ನೆ, ಒಂದೆಲಗ, ಗೋಣಿಸೊಪ್ಪು ಮೂರೂ ಬಳ್ಳಿಯ ತುಂಡಿನಿಂದಲೇ ಚಿಗುರುತ್ತವೆ; ಬಚ್ಚಲ ನೀರು ತಾಗದ ಒಂದು ಮೂಲೆ ಸಾಕು.

ಮಾರಯ್ಯ ಶರಣರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ಪ್ರಸಂಗ ಭಕ್ತರಿಗೆಲ್ಲ ತಿಳಿದದ್ದೇ. ಸೊಪ್ಪು ಆಯುವವರಿಗೂ ಅದೇ ದಾರಿ. ಬೇರು ಕೀಳದೆ ಕುಡಿಯನ್ನಷ್ಟೇ ಚಿವುಟೋಣ, ಅಂದಿಗೆ ಬೇಕಾದಷ್ಟನ್ನೇ ತರೋಣ. ಹೋಗುವಾಗ ಮನೆಯ ಮಕ್ಕಳನ್ನೂ ಕರೆದೊಯ್ದು ಒಂದೊಂದು ಗಿಡದ ಹೆಸರನ್ನು ಹೇಳಿಕೊಡೋಣ. ಶರಣು ಶರಣಾರ್ಥಿ.